'ಸುಮ್ನೆ ಕೂತಿದ್ದೆ' ಅನ್ನೋ ಕೆಲಸ

"ನಿನ್ನೆ ಬೆಳಗ್ಗೆ ನಾಲ್ಕರಿಂದ ಇವತ್ತು ಬೆಳಗ್ಗೆ ನಾಲ್ಕರವರೆಗೆ ಏನೇನು ಮಾಡಿದಿರಿ?"

2024ರಲ್ಲಿ ಈ ಒಂದು ಪ್ರಶ್ನೆ ಹಿಡಿದುಕೊಂಡು ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆಯವರು ದೇಶದ ಸುಮಾರು 1 ಲಕ್ಷ 39 ಸಾವಿರ ಮನೆಗಳಿಗೆ ಹೋಗಿಬಂದರು. ದಿನವನ್ನು ಅರ್ಧರ್ಧ ಗಂಟೆಯ 48 ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಮನೆಯ ಒಬ್ಬೊಬ್ಬರು ಏನು ಮಾಡಿದರು ಅಂತ ಬರೆದುಕೊಂಡರು. ಇದರ ಹೆಸರು ಸಮಯ ಬಳಕೆ ಸಮೀಕ್ಷೆ. ಇಡೀ ದೇಶಕ್ಕೆ ಇದನ್ನು ಮೊದಲ ಸಲ ಮಾಡಿದ್ದು 2019ರಲ್ಲಿ. ಇದು ಎರಡನೆಯದು.

2025ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ. ಕುಡಿದ ಕಾಫಿ ಲೋಟವನ್ನೂ ಎತ್ತಿಡದವರು ಆ 88ರ ಲೆಕ್ಕಕ್ಕೇ ಬರುವುದಿಲ್ಲ. 2019ರಲ್ಲಿ ಇದೇ ಅಂಕಿಗಳು 299 ಮತ್ತು 97 ಇದ್ದವು. ಹೆಂಗಸರದ್ದು ಹತ್ತು ನಿಮಿಷ ಕಮ್ಮಿ ಆಯಿತು, ಗಂಡಸರದ್ದು ಒಂಬತ್ತು. ಇಬ್ಬರ ನಡುವಿನ ಅಂತರ ಆಗ 202 ನಿಮಿಷ, ಈಗ 201. ಐದು ವರ್ಷದಲ್ಲಿ ಒಂದು ನಿಮಿಷ! ನಾನೂ 88ರ ಗುಂಪಿನವನೇ, ಆದ್ದರಿಂದ ಜಾಸ್ತಿ ಮಾತಾಡುವಂತಿಲ್ಲ.

ಕುತೂಹಲಕ್ಕೆ ಅಮ್ಮನನ್ನು ಇದೇ ಪ್ರಶ್ನೆ ಕೇಳಿದೆ. ಗಟಗಟ ಹೇಳಿದಳು. ಎದ್ದದ್ದು, ಬಾಗಿಲಿಗೆ ನೀರು ಹಾಕಿದ್ದು, ಕಸ ಗುಡಿಸಿದ್ದು, ತಿಂಡಿಗೆ ಚಿತ್ರಾನ್ನ ಕಲಸಿದ್ದು. "ಹತ್ತೂವರೆಯಿಂದ ಹನ್ನೆರಡು?" ಅಂದೆ. "ಅವಾಗ ಏನಿಲ್ಲ ಕಣೋ, ಸುಮ್ನೆ ಕೂತಿದ್ದೆ."

ಆ ಹೊತ್ತಿನಲ್ಲಿ ನಾನೂ ಮನೆಯಲ್ಲೇ ಇದ್ದೆ. ಅವಳು ಸುಮ್ಮನೆ ಕೂತಿರಲಿಲ್ಲ. ಅವತ್ತು ಗ್ಯಾಸ್ ಸಿಲಿಂಡರ್ ಬರಬೇಕಿತ್ತು. ಹಾಲ್‌ನಲ್ಲಿ ಬಾಗಿಲಿಗೆ ಹತ್ತಿರದ ಕುರ್ಚಿ ಎಳೆದುಕೊಂಡು, ಕಿವಿ ಗೇಟಿನ ಕಡೆ ಇಟ್ಟು ಕೂತಿದ್ದಳು. ಸ್ನಾನಕ್ಕೆ ಹೋಗಿರಲಿಲ್ಲ. ಹೋದರೆ ಸಿಲಿಂಡರಿನವನು ಒಂದು ಸಲ ಕೂಗಿ ಮುಂದಿನ ಮನೆಗೆ ಹೋಗಿಬಿಡುತ್ತಾನೆ. ಪಕ್ಕದ ಮನೆಗೂ ಹೋಗಿರಲಿಲ್ಲ. ಹೊಸ ಕೆಲಸ ಯಾವುದನ್ನೂ ಶುರು ಮಾಡಿರಲಿಲ್ಲ. ತೊಂಬತ್ತು ನಿಮಿಷ, ಸಮೀಕ್ಷೆಯ ಮೂರು ತುಂಡು. ಫಾರಂನಲ್ಲಿ ಬರೆಸಿದ್ದರೆ 'ವಿಶ್ರಾಂತಿ' ಅಂತ ಹೋಗುತ್ತಿತ್ತು.

ಸಮೀಕ್ಷೆಯವರನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಅದು ಒಳ್ಳೆಯ ಸಮೀಕ್ಷೆ. ಒಂದೇ ಅರ್ಧ ಗಂಟೆಯಲ್ಲಿ ಮೂರು ಕೆಲಸದವರೆಗೂ ಬರೆದುಕೊಳ್ಳುತ್ತಾರೆ. ಮಗುವಿನ ಮೇಲೆ ಒಂದು ಕಣ್ಣಿಟ್ಟು ಕೂತಿರುವುದಕ್ಕೂ, ಇಂಥ ಸಮೀಕ್ಷೆಗಳಿಗೆ ಅಂತ ವಿಶ್ವಸಂಸ್ಥೆ ಮಾಡಿದ ಕೆಲಸಗಳ ಪಟ್ಟಿಯಲ್ಲಿ ಜಾಗ ಇದೆ. ತೊಡಕು ಇರುವುದು ಪ್ರಶ್ನೆಯಲ್ಲೇ. 'ಏನು ಮಾಡಿದಿರಿ' ಅಂತ ಕೇಳಿದರೆ ಮಾಡಿದ್ದನ್ನು ಹೇಳುತ್ತಾರೆ. ಕಾದದ್ದನ್ನು ಯಾರೂ ಹೇಳುವುದಿಲ್ಲ. ಅದು ಕೆಲಸ ಅಂತ ಕಾದವರಿಗೇ ಅನ್ನಿಸಿರುವುದಿಲ್ಲ.

ಇದು ಕೆಲಸವೇ ಅಂತ 1972ರಲ್ಲಿ ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತು ತೋರಿಸಿದ್ದರು. ಅವರ ಹೆಸರು ಫೇತ್ ವೈಲ್ಡಿಂಗ್. ಕಲಾವಿದೆ, ಮೇಷ್ಟ್ರು. ಚಿತ್ರ, ಹೆಣಿಗೆ, ಅಭಿನಯ, ಬರವಣಿಗೆ, ಮುಂದೆ ಇಂಟರ್ನೆಟ್ಟು, ಜೈವಿಕ ತಂತ್ರಜ್ಞಾನ ಎಲ್ಲದಕ್ಕೂ ಕೈ ಹಾಕಿದವರು. ಐವತ್ತು ವರ್ಷದ ಅವರ ಕೆಲಸದ ಉದ್ದಕ್ಕೂ ಒಂದೇ ಪ್ರಶ್ನೆ ಇದೆ: ಹೆಂಗಸರ ಕೆಲಸ ಕಣ್ಣಿಗೆ ಯಾಕೆ ಬೀಳುವುದಿಲ್ಲ?

ವೈಲ್ಡಿಂಗ್ ಹುಟ್ಟಿದ್ದು 1943ರಲ್ಲಿ, ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ. ಯುರೋಪಿನಿಂದ ಬಂದ ಕ್ರೈಸ್ತರ ಒಂದು ಕಮ್ಯೂನ್ ಅದು. ಯಾರಿಗೂ ಸ್ವಂತ ಆಸ್ತಿ ಇಲ್ಲ, ಎಲ್ಲರದ್ದೂ ಒಂದೇ ಗಂಟು. ಆದರೆ ಹೆಂಗಸರ ಕೆಲಸ ಬೇರೆ, ಗಂಡಸರ ಕೆಲಸ ಬೇರೆ. ಆಸ್ತಿ ಹಂಚಿಕೊಂಡವರು ಪಾತ್ರೆ ತೊಳೆಯೋದನ್ನು ಹಂಚಿಕೊಳ್ಳಲಿಲ್ಲ ನೋಡಿ. 1961ರಲ್ಲಿ ಅಮೆರಿಕಕ್ಕೆ ಬಂದರು. 1970ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಕಾಲೇಜಿನಲ್ಲಿದ್ದರು. ಆ ವರ್ಷ ಜೂಡಿ ಶಿಕಾಗೊ ಎಂಬ ಕಲಾವಿದೆ ಅಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಒಂದು ಕಲಾ ತರಗತಿ ತೆರೆದರು. ವಿದ್ಯಾರ್ಥಿನಿಯರು ಹದಿನೈದು ಜನ. ವೈಲ್ಡಿಂಗ್ ಅಲ್ಲಿ ಸಹಾಯಕಿ.

ಈ ತರಗತಿ ನಡೆದ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜಿನ ಒಳಗೆ ಬೇಡ ಅಂತ ಹೊರಗೆ ಒಂದು ಹಳೇ ಕಟ್ಟಡ ಬಾಡಿಗೆಗೆ ಹಿಡಿದರು. ಅದನ್ನು ತಾವೇ ರಿಪೇರಿ ಮಾಡಿಕೊಂಡರು. ಮನೆಯಲ್ಲಿ ಸುತ್ತಿಗೆ ಮುಟ್ಟದ ಹುಡುಗಿಯರು ಗೋಡೆ ಕಟ್ಟಿದರು. ಚಿತ್ರ ಬಿಡಿಸೋದಕ್ಕೆ ಮುಂಚೆ ದುಂಡಗೆ ಕೂರುತ್ತಿದ್ದರು. ಒಂದು ವಿಷಯ ಇಟ್ಟುಕೊಂಡು, ಉದಾಹರಣೆಗೆ ಅಮ್ಮ, ದುಡ್ಡು, ಬೀದಿಯಲ್ಲಿ ನಡೆಯೋದು, ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಬೇಕು. ಯಾರ ಸರದಿಯನ್ನೂ ಬಿಡುವಂತಿಲ್ಲ. ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಹುಡುಗಿಯೂ ಮಾತಾಡಲೇಬೇಕು. ಹಾಗೆ ಹೇಳಿದ್ದನ್ನೇ ಹಿಡಿದು ಕಲೆ ಮಾಡಬೇಕು. ಮೇಷ್ಟ್ರು ಮುಂದೆ ನಿಂತು ಪಾಠ ಹೇಳುವ, ಮಕ್ಕಳು ನಕಲು ಮಾಡುವ ಕ್ರಮ ಅಲ್ಲಿ ಇರಲಿಲ್ಲ.

ಮರುವರ್ಷ ಈ ತರಗತಿ ಲಾಸ್ ಏಂಜಲೀಸ್ ಹತ್ತಿರದ ಕ್ಯಾಲ್‌ಆರ್ಟ್ಸ್ ಎಂಬ ಕಲಾ ಸಂಸ್ಥೆಗೆ ಹೋಯಿತು. ಜೂಡಿ ಜೊತೆಗೆ ಮಿರಿಯಂ ಶಪಿರೊ ಎಂಬ ಕಲಾವಿದೆ ಸೇರಿಕೊಂಡರು. ಅಲ್ಲಿ ಸ್ಟುಡಿಯೋ ಇನ್ನೂ ಸಿದ್ಧವಾಗಿರಲಿಲ್ಲ. ಹಾಗಾಗಿ ಹಾಲಿವುಡ್‌ನ ಮಾರಿಪೋಸಾ ಅವೆನ್ಯೂನಲ್ಲಿ ಕೆಡವೋಕೆ ಬಿಟ್ಟಿದ್ದ 17 ಕೋಣೆಗಳ ಒಂದು ಪಾಳು ಮನೆ ಹಿಡಿದರು. ನೀರಿಲ್ಲ, ಚಳಿಗೆ ಹೀಟರ್ ಇಲ್ಲ, ಕಿಟಕಿಗಳ ಗಾಜು ಒಡೆದಿದೆ. ಹುಡುಗಿಯರು ಉಜ್ಜಿದರು, ಗಾಜು ಕೂರಿಸಿದರು, ಬಣ್ಣ ಹೊಡೆದರು. 1972ರ ಜನವರಿ 30ಕ್ಕೆ ಮನೆ ಜನರಿಗೆ ತೆರೆಯಿತು. ಅದಕ್ಕೆ 'ವುಮನ್‌ಹೌಸ್' ಅಂತ ಹೆಸರು. ಮೊದಲ ದಿನ ಹೆಂಗಸರಿಗೆ ಮಾತ್ರ ಪ್ರವೇಶ. ಒಂದು ತಿಂಗಳಲ್ಲಿ ಸುಮಾರು ಹತ್ತು ಸಾವಿರ ಜನ ಬಂದು ನೋಡಿದರು.

ಒಂದೊಂದು ಕೋಣೆಯೂ ಒಂದೊಂದು ಕಲಾಕೃತಿ. ಅಡುಗೆಮನೆಯಲ್ಲಿ ಗೋಡೆ, ಸ್ಟವ್, ಪಾತ್ರೆ, ಡ್ರಾಯರು ಎಲ್ಲಾ ಒಂದೇ ಗುಲಾಬಿ ಬಣ್ಣ. ಚಾವಣಿಯಲ್ಲಿ ಹುರಿದ ಮೊಟ್ಟೆಗಳ ಪ್ರತಿಕೃತಿಗಳನ್ನು ಅಂಟಿಸಿದ್ದರು. ಗೋಡೆಗೆ ಇಳಿಯುತ್ತಾ ಇಳಿಯುತ್ತಾ ಅವು ಮೊಲೆಗಳಾಗುತ್ತವೆ. ಬಟ್ಟೆ ಬೀರುವಿನೊಳಗೆ ಒಬ್ಬ ಹೆಂಗಸಿನ ಬೊಂಬೆ, ಮಡಿಸಿಟ್ಟ ಬೆಡ್‌ಶೀಟುಗಳ ಅರೆಗಳು ಅವಳ ಮೈಯನ್ನು ಸೀಳಿಕೊಂಡು ಹೋಗಿವೆ. ಒಂದು ಕಾಲು ಮಾತ್ರ ಹೊರಗಿದೆ.

ಸಂಜೆ ಹೊತ್ತು ಹಾಲ್‌ನಲ್ಲಿ ಅಭಿನಯ. ಒಂದರಲ್ಲಿ ಒಬ್ಬಳು ಮಂಡಿಯೂರಿ ನೆಲ ಉಜ್ಜುತ್ತಾಳೆ, ಅಷ್ಟೇ. ಇನ್ನೊಂದರಲ್ಲಿ ಒಬ್ಬಳು ಒಂದು ಬೆಡ್‌ಶೀಟ್ ಇಸ್ತ್ರಿ ಮಾಡುತ್ತಾಳೆ, ಅಷ್ಟೇ. ನಾಟಕದಲ್ಲಿ ಹೀಗೆ ಮಾಡಿದರೆ ಎರಡು ನಿಮಿಷಕ್ಕೆ ದೀಪ ಆರಿಸುತ್ತಾರೆ. ಇಲ್ಲಿ ಕೆಲಸ ಎಷ್ಟು ಹೊತ್ತೋ ಅಷ್ಟೂ ಹೊತ್ತು ನೋಡಬೇಕು. ಮತ್ತೊಂದು ಪ್ರಹಸನ ಜೂಡಿ ಬರೆದದ್ದು. ವೈಲ್ಡಿಂಗ್ ಮತ್ತು ಇನ್ನೊಬ್ಬ ವಿದ್ಯಾರ್ಥಿನಿ, ಗಂಡು ಹೆಣ್ಣಿನ ಗುಪ್ತಾಂಗಗಳನ್ನು ದೊಡ್ಡದಾಗಿ ಹೊಲಿದು ಸೊಂಟಕ್ಕೆ ಕಟ್ಟಿಕೊಂಡು ಬರುತ್ತಾರೆ. ಜಗಳ ಶುರುವಾಗುವುದು ಪಾತ್ರೆಯಿಂದ. ಪಾತ್ರೆ ತೊಳೆಯೋಕೆ ಬರ್ತೀಯಾ ಅಂತ ಇವಳು, ನನ್ನ ಮೈ ಬೇರೆ, ಆದ್ದರಿಂದ ಪಾತ್ರೆ ನಿಂದು ಅಂತ ಅವನು. ಒರಟು ಹಾಸ್ಯ, ನಮ್ಮ ಹಳ್ಳಿ ಕಡೆಯ ಸೋಗಿನ ಆಟದ ಹಾಗೆ. ಗಂಡಿನ ಕೆಲಸ, ಹೆಣ್ಣಿನ ಕೆಲಸ ಅಂತ ಹಂಚಿದ್ದಕ್ಕೆ ಮೈಯೇ ಕಾರಣ ಅನ್ನುವ ವಾದವನ್ನು ಬಾಯಿಬಿಟ್ಟು ಆಡಿಸಿದರೆ ಎಷ್ಟು ಪೆದ್ದಾಗಿ ಕೇಳುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ.

ಆಮೇಲೆ ವೈಲ್ಡಿಂಗ್ ಒಬ್ಬರೇ ಬಂದು ಕೂರುತ್ತಾರೆ. ಕೈ ತೊಡೆಯ ಮೇಲೆ. ಮೆಲ್ಲಗೆ ಹಿಂದೆ ಮುಂದೆ ತೂಗುತ್ತಾ, ಏರಿಳಿತ ಇಲ್ಲದ ದನಿಯಲ್ಲಿ ಸುಮಾರು 15 ನಿಮಿಷ ಒಂದು ಪಟ್ಟಿ ಹೇಳುತ್ತಾರೆ. ಹೆಸರು 'ವೇಟಿಂಗ್'. ಒಬ್ಬ ಹೆಂಗಸು ಹುಟ್ಟಿನಿಂದ ಸಾವಿನವರೆಗೆ ಏನೇನಕ್ಕೆ ಕಾದಳು ಅನ್ನುವ ಪಟ್ಟಿ. ಕೂಸಾಗಿ, ಯಾರಾದರೂ ಎತ್ತಿಕೊಳ್ಳಲಿ ಅಂತ. ಹುಡುಗಿಯಾಗಿ, ದೊಡ್ಡವಳಾಗಲಿ ಅಂತ. ಅವನು ತನ್ನನ್ನು ನೋಡಲಿ ಅಂತ, ಮಾತಾಡಿಸಲಿ ಅಂತ. ಮದುವೆಗೆ. ಅವನು ಮನೆಗೆ ಬರಲಿ ಅಂತ. ಹೊಟ್ಟೆಯೊಳಗಿನ ಕೂಸು ಹೊರಳಲಿ ಅಂತ. ಮಕ್ಕಳು ಸ್ಕೂಲಿನಿಂದ ಬರಲಿ, ನಿದ್ದೆ ಮಾಡಲಿ, ದೊಡ್ಡವರಾಗಲಿ, ಒಂದು ಸಲ ಬಂದು ಹೋಗಲಿ ಅಂತ. ಕೊನೆಗೆ ನೋವು ಮುಗಿಯಲಿ ಅಂತ. ಪ್ರತಿ ಸಾಲೂ 'ಕಾಯುತ್ತಾ' ಅಂತಲೇ ಶುರುವಾಗುತ್ತದೆ. ಅದರ ವಿಡಿಯೋ ಈಗಲೂ ಸಿಗುತ್ತದೆ. ಮೊದಲ ಮೂರು ನಿಮಿಷ ಬೇಜಾರಾಗುತ್ತದೆ. ಐದನೇ ನಿಮಿಷಕ್ಕೆ ಕುರ್ಚಿಯಲ್ಲಿ ಮಿಸುಕಾಡುತ್ತೀರಿ. ನಿಮಗೂ ಕಾಯೋಕೆ ಆಗುತ್ತಿರುವುದಿಲ್ಲ.

ಇಂಗ್ಲಿಷಿನಲ್ಲಿ ಅದು ಬರೀ 'ವೇಟಿಂಗ್'. ಕನ್ನಡದ 'ಕಾಯು' ಅದಕ್ಕಿಂತ ದೊಡ್ಡ ಮಾತು. ಬಸ್ಸಿಗೆ ಕಾಯುತ್ತೇವೆ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ. ಬಾಣಂತಿ ಹತ್ತಿರ ರಾತ್ರಿ ಕಾಯುತ್ತಾರೆ. ಒಲೆ ಮೇಲೆ ನೀರು ಕಾಯುತ್ತದೆ. ಎದುರು ನೋಡುವುದು, ಕಾಪಾಡುವುದು, ಬಿಸಿಯಾಗುವುದು ಮೂರಕ್ಕೂ ಒಂದೇ ಸದ್ದು. ಹೊಲ ಕಾಯುವವನಿಗೆ ಕೂಲಿ ಇದೆ, ಅವನು ಅಟ್ಟಣೆಯ ಮೇಲೆ ಸುಮ್ಮನೆ ಕೂತಿದ್ದರೂ ಇದೆ. ಹಂದಿ ಬರದಿದ್ದ ರಾತ್ರಿಯೂ ಇದೆ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಹಾಗೇ. ಏನೂ ಆಗದಿರುವಾಗ ಅಲ್ಲಿರುವುದೇ ಅವರ ಕೆಲಸ ಅಂತ ನಾವೆಲ್ಲ ಒಪ್ಪಿದ್ದೇವೆ. ಅದೇ ಕಾಯುವಿಕೆ ಮನೆಯೊಳಗೆ ಬಂದರೆ 'ಸುಮ್ನೆ ಕೂತಿದ್ದೆ' ಆಗುತ್ತದೆ.

ನಮ್ಮ ಕಡೆ ಈ ಪಟ್ಟಿ ಇನ್ನೂ ಉದ್ದ ಅಲ್ವಾ? ನಲ್ಲಿಯಲ್ಲಿ ನೀರು ಎರಡು ದಿನಕ್ಕೊಮ್ಮೆ, ಅದೂ ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತಾರೋ ಗೊತ್ತಿಲ್ಲದ ಬೀದಿಗಳು ಎಷ್ಟಿಲ್ಲ. ಖಾಲಿ ಬಕೆಟ್ಟನ್ನು ನಲ್ಲಿ ಕೆಳಗಿಟ್ಟು, ನಲ್ಲಿ ತಿರುಗಿಸಿಟ್ಟು, ಮೊದಲ ಹನಿಯ ಸದ್ದಿಗೆ ಎಚ್ಚರ ಆಗೋ ಹಾಗೆ ಮಲಗುವವರು ಯಾರು? ಸಮೀಕ್ಷೆಯಲ್ಲಿ ಅದು ನಿದ್ದೆ. ರೇಷನ್ ಅಂಗಡಿಯ ಸರ್ವರ್ ಬರೋವರೆಗೆ ಕಾಯೋದು. ಎಲ್ಲರ ಊಟ ಆಗೋವರೆಗೆ ಕಾಯೋದು, ಸಾರು ಉಳಿದರೆ ಉಂಟು.

ಕೆಲಸಕ್ಕೆ ಬೆಲೆ ಕಟ್ಟೋ ಪ್ರಶ್ನೆ ಹೊಸದೇನಲ್ಲ. ವುಮನ್‌ಹೌಸ್ ತೆರೆದ ಅದೇ 1972ರಲ್ಲಿ ಇಟಲಿಯ ಪಾದುವಾ ಊರಿನಲ್ಲಿ ಸೆಲ್ಮಾ ಜೇಮ್ಸ್, ಮರಿಯಾರೋಸಾ ಡಲ್ಲಾ ಕೋಸ್ಟಾ, ಸಿಲ್ವಿಯಾ ಫೆಡರಿಚಿ ಮುಂತಾದ ಸ್ತ್ರೀವಾದಿಗಳು ಸೇರಿ ಮನೆಕೆಲಸಕ್ಕೆ ಸಂಬಳ ಕೊಡಿ ಅನ್ನುವ ಚಳವಳಿ ಶುರು ಮಾಡಿದರು. ಸಂಬಳದ ದುಡ್ಡಿಗಿಂತ ಅವರಿಗೆ ಬೇಕಿದ್ದದ್ದು ಬೇರೆ. ಮೊದಲು ಇದು ಕೆಲಸ ಅಂತ ಒಪ್ಪಿಸಬೇಕು. ಪ್ರೀತಿ ಅಂತ ಕರೆದರೆ ಒಲ್ಲೆ ಅನ್ನೋಕೆ ಆಗುವುದಿಲ್ಲ, ಕೆಲಸ ಅಂದರೆ ಅನ್ನಬಹುದು. ಫೆಡರಿಚಿ ಅವರ ವಾದ ಹೆಚ್ಚುಕಮ್ಮಿ ಇದೇ.

ನಮ್ಮಲ್ಲಿ ಬೆಲೆ ಕಟ್ಟುವ ಕೆಲಸ ಕೋರ್ಟುಗಳಲ್ಲಿ ನಡೆದಿದೆ, ಆದರೆ ತೀರಾ ವಿಚಿತ್ರ ರೀತಿಯಲ್ಲಿ. ರಸ್ತೆ ಅಪಘಾತದಲ್ಲಿ ಗೃಹಿಣಿ ಸತ್ತರೆ ವಿಮಾ ಪರಿಹಾರ ಎಷ್ಟು ಅಂತ ತೀರ್ಮಾನಿಸಬೇಕಲ್ಲ, ಆಗ ಅವಳ ದುಡಿಮೆಗೆ ಒಂದು ಅಂಕಿ ಬೇಕಾಗುತ್ತದೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ಗೃಹಿಣಿಯ ದುಡಿಮೆಗೂ ಆದಾಯ ಅಂತ ಲೆಕ್ಕ ಹಾಕಬೇಕು ಅಂದಿತು. ನ್ಯಾಯಮೂರ್ತಿ ಎನ್.ವಿ. ರಮಣ ಅವರು 2019ರ ಸಮೀಕ್ಷೆಯ 299 ಮತ್ತು 97 ನಿಮಿಷಗಳನ್ನು ತಮ್ಮ ತೀರ್ಪಿನಲ್ಲಿ ಎತ್ತಿ ಹೇಳಿದರು. ಒಳ್ಳೆಯ ತೀರ್ಪು. ಆದರೆ ಆ ಬೆಲೆಯನ್ನು ಕೇಳಿಸಿಕೊಳ್ಳೋಕೆ ಅವಳೇ ಇರುವುದಿಲ್ಲ.

ಇನ್ನು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಒಂದು ಕೋಟಿಗೂ ಜಾಸ್ತಿ ಹೆಂಗಸರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇದು ಮನೆಕೆಲಸದ ಸಂಬಳವೇ? ಹರಟೆ ಕಟ್ಟೆಗಳಲ್ಲಿ ಗಂಡಸರು ಹಾಗೇ ಮಾತಾಡುತ್ತಾರೆ, 'ಈಗ ನಿಮಗೂ ಸಂಬಳ ಬಂತಲ್ಲ' ಅಂತ. ಸರ್ಕಾರ ಎಲ್ಲೂ ಹಾಗೆ ಹೇಳಿಲ್ಲ, ಇದು ಕುಟುಂಬದ ಯಜಮಾನಿಗೆ ಕೊಡುವ ನೆರವು. ವ್ಯತ್ಯಾಸ ದೊಡ್ಡದು. ಸಂಬಳ ಆಗಿದ್ದರೆ ಕೆಲಸ ಮಾಡುವವರಿಗೆ ಹೋಗಬೇಕು. ನೆರವು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ ಹೋಗುತ್ತದೆ. ಯೋಜನೆ ಘೋಷಣೆಯಾದ ಹೊಸದರಲ್ಲಿ ದುಡ್ಡು ಅತ್ತೆಗೋ ಸೊಸೆಗೋ ಅಂತ ರಾಜ್ಯವೇ ಚರ್ಚೆ ಮಾಡಿದ್ದು ನೆನಪಿರಬಹುದು. ತಮಾಷೆಯಾಗಿ ಕಂಡರೂ ಅದು ಸರಿಯಾದ ಪ್ರಶ್ನೆಯೇ: ಮನೆಯಲ್ಲಿ ದುಡಿಯುವವಳು ಯಾರು, ಯಜಮಾನಿ ಯಾರು?

ನನ್ನ ಅಭಿಪ್ರಾಯ ಕೇಳಿದರೆ, ಆ ಎರಡು ಸಾವಿರ ಬೇಕು. ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅಂತ ಹಲವರಿಗೆ ಅದೇ ಮೊದಲನೆಯದು. ಆದರೆ ಅದರಿಂದ 289 ನಿಮಿಷದಲ್ಲಿ ಒಂದು ನಿಮಿಷವೂ ಕಮ್ಮಿ ಆಗುವುದಿಲ್ಲ. ಕಂತು ತಡವಾದ ತಿಂಗಳುಗಳಲ್ಲಿ ಕಾಯೋ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ: ಮೆಸೇಜ್ ಬಂತಾ?

ವೈಲ್ಡಿಂಗ್ ಕಡೆಗೆ ತಿರುಗೋಣ. ಅದೇ ಮನೆಯಲ್ಲಿ ಅವರದ್ದು ಇನ್ನೊಂದು ಕೋಣೆ ಇತ್ತು. ಅಂಗಡಿಯಲ್ಲಿ ಸಿಗುವ ಸಾದಾ ಉಣ್ಣೆ ದಾರ, ಹಗ್ಗ ತಗೊಂಡು ಕ್ರೋಶಾ ಹೆಣಿಗೆಯಲ್ಲಿ ಇಡೀ ಕೋಣೆ ತುಂಬುವ ಬಲೆ ಹೆಣೆದಿದ್ದರು. ಉದ್ದ, ಅಗಲ, ಎತ್ತರ ಎಲ್ಲಾ ಒಂಬತ್ತು ಅಡಿ ಹತ್ತಿರ. ಜೇಡರ ಬಲೆಯ ಹಾಗೂ ಇದೆ, ಗರ್ಭದ ಹಾಗೂ ಇದೆ, ಒಳಗೆ ಹೋಗಿ ಕೂರಬಹುದು. ಟಿ.ವಿ. ಮೇಲೆ ಹೊದಿಸೋ, ಟೀಪಾಯಿ ಮೇಲೆ ಹಾಸೋ ಕ್ರೋಶಾ ಬಟ್ಟೆಯನ್ನು ಯಾರೂ ಕಲೆ ಅನ್ನಲ್ಲ, ಬಿಡುವಿನ ಹವ್ಯಾಸ ಅನ್ನುತ್ತಾರೆ. ಅದೇ ಹೆಣಿಗೆ ಕೋಣೆಯಷ್ಟು ದೊಡ್ಡದಾದಾಗ ಅದರ ಹಿಂದಿನ ಗಂಟೆಗಳು ಕಾಣಿಸಿದವು. ಆ ಮೂಲ ಕೃತಿ ಉಳಿಯಲಿಲ್ಲ. 1995ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮ್ಯೂಸಿಯಂನ ಪ್ರದರ್ಶನಕ್ಕೆ ಅವರು ಅದನ್ನು ಮತ್ತೆ ಕೂತು ಹೆಣೆದರು. ಮನೆಕೆಲಸದ ಹಾಗೇ, ಹೋದ ಮೇಲೆ ಮತ್ತೆ ಮಾಡು.

ಹೆಂಗಸರ ಕೆಲಸ ಮರೆಯಾಗೋಕೆ ಮುಖ್ಯ ಕಾರಣ ಅದು ಗುರುತು ಬಿಡುವುದಿಲ್ಲ ಅನ್ನೋದು. ಗುಡಿಸಿದ ನೆಲ ಸಂಜೆಗೆ ಕಸ. ಮಾಡಿದ ಅಡುಗೆ ಮಧ್ಯಾಹ್ನಕ್ಕೆ ಖಾಲಿ. ಕಾದದ್ದಕ್ಕಂತೂ ಪುರಾವೆಯೇ ಇಲ್ಲ. ಈ ಕಲಾವಿದೆಯರು ಮಾಡಿದ್ದು ಇಷ್ಟೇ, ಆ ಕೆಲಸ ಗುರುತು ಬಿಡುವ ಹಾಗೆ ನೋಡಿಕೊಂಡರು. ನಮ್ಮಲ್ಲಿ ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಶೀಲಾ ಗೌಡ ಅವರ ಕೃತಿಗಳನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. 1990ರ ದಶಕದಲ್ಲಿ ಅವರು ಬಣ್ಣ, ಕುಂಚ ಬಿಟ್ಟು ಸಗಣಿ ಹಿಡಿದರು. ಆ ದಶಕದ ಕೊನೆಗೆ ಸೂಜಿ ದಾರಕ್ಕೆ ಬಂದರು. ನೂರು ಮೀಟರಿಗೂ ಉದ್ದದ ದಾರವನ್ನು ಸೂಜಿಯ ಕಣ್ಣಿನೊಳಗೆ ಪೂರ್ತಿ ಎಳೆದು, ಹೀಗೆ ಎಷ್ಟೋ ಸೂಜಿಗಳಿಗೆ ಪೋಣಿಸಿ, ಅಷ್ಟನ್ನೂ ಕುಂಕುಮ ಮತ್ತು ಅಂಟಿನಿಂದ ಒಂದು ಕೆಂಪು ಹಗ್ಗ ಮಾಡಿದರು. ಗ್ಯಾಲರಿಯಲ್ಲಿ ಅದು ಗೋಡೆಯಿಂದ ನೆಲಕ್ಕೆ ಕರುಳಿನ ಹಾಗೆ ಹರಿದಾಡುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಒಂದು ಗುಂಡಿ ಹೊಲಿಯೋಕೆ ಒಂದು ಮೊಳ ದಾರ ಪೋಣಿಸಿದವರಿಗೂ ಗೊತ್ತಾಗುತ್ತದೆ, ಅಷ್ಟು ಉದ್ದ ಎಳೆಯೋಕೆ ಎಷ್ಟು ತಾಳ್ಮೆ ಬೇಕು ಅಂತ.

ವುಮನ್‌ಹೌಸ್ ಬಗ್ಗೆ ಎಲ್ಲರೂ ಹೊಗಳಿದ್ದೇ ಅಲ್ಲ. ಹುಡುಗಿಯರಲ್ಲೇ ಕೆಲವರಿಗೆ ಸಿಟ್ಟಿತ್ತು. ಚಳಿಯಲ್ಲಿ ದಿನವಿಡೀ ದುಡಿಸುತ್ತಾರೆ, ಮೇಷ್ಟ್ರುಗಳದ್ದು ಜಬರ್ದಸ್ತು ಅಂತ. ಬಿಟ್ಟಿ ದುಡಿಮೆಯ ವಿರುದ್ಧದ ಕಲೆಗೆ ವಿದ್ಯಾರ್ಥಿಗಳ ಬಿಟ್ಟಿ ದುಡಿಮೆ! ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಆ ಗುಲಾಬಿ ಅಡುಗೆಮನೆ ಯಾರದ್ದು? ಹೆಚ್ಚಾಗಿ ಬಿಳಿಯ ಮಧ್ಯಮ ವರ್ಗದ ಗೃಹಿಣಿಯದ್ದು. ಅಮೆರಿಕದ ಕಪ್ಪು ಹೆಂಗಸರು ತಲೆಮಾರುಗಳಿಂದ ಇನ್ನೊಬ್ಬರ ಅಡುಗೆಮನೆಯಲ್ಲಿ ದುಡಿದವರು. ಅವರಿಗೆ 'ಮನೆಯಲ್ಲಿ ಕಟ್ಟಿಹಾಕಿದ್ದಾರೆ' ಅನ್ನುವುದು ಸಮಸ್ಯೆಯೇ ಅಲ್ಲ, ಸ್ವಂತ ಮನೆಯಲ್ಲಿರೋಕೆ ಹೊತ್ತೇ ಸಿಗುತ್ತಿರಲಿಲ್ಲ. ಅದೇ 1972ರಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ, ಬೆಟಿ ಸಾರ್ ಎಂಬ ಕಪ್ಪು ಕಲಾವಿದೆ ಒಂದು ಪುಟ್ಟ ಪೆಟ್ಟಿಗೆಯಷ್ಟು ದೊಡ್ಡ ಕೃತಿ ಮಾಡಿದರು. ದೋಸೆಹಿಟ್ಟಿನಂಥ ಒಂದು ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ನಗುವ ಕಪ್ಪು ಅಡುಗೆಯವಳ ಚಿತ್ರ ಇರುತ್ತಿತ್ತು, ಆಂಟ್ ಜೆಮೈಮಾ ಅಂತ. ಆ ಬೊಂಬೆಯ ಒಂದು ಕೈಗೆ ಪೊರಕೆ, ಇನ್ನೊಂದು ಕೈಗೆ ರೈಫಲ್ ಕೊಟ್ಟರು. ಆ ಬ್ರ್ಯಾಂಡಿನ ಹೆಸರನ್ನು ಕಂಪನಿ ಕೈಬಿಟ್ಟದ್ದು 2021ರಲ್ಲಿ.

ನಮ್ಮಲ್ಲಿ ಈ ತಕರಾರಿಗೆ ಜಾತಿಯ ಬಣ್ಣ. ಬೆಂಗಳೂರಿನಲ್ಲಿ ಸ್ತ್ರೀವಾದದ ಚರ್ಚೆಗೆ ಹೋಗುವ ಹೆಂಗಸಿನ ಮನೆಯ ಪಾತ್ರೆಯನ್ನು ಆ ಹೊತ್ತಿನಲ್ಲಿ ತೊಳೆಯುತ್ತಿರುವವಳು ಇನ್ನೊಬ್ಬ ಹೆಂಗಸು. 88 ನಿಮಿಷದ ನಾವು ಅಲ್ಲಿ ಎಲ್ಲೂ ಇಲ್ಲ, ಗಮನಿಸಿ. ಗಂಡಸು ಬಿಟ್ಟ ಕೆಲಸ ಹೆಂಡತಿಯಿಂದ ಕೆಲಸದವಳಿಗೆ ಹೋಗುತ್ತದೆ, ಅವಳ ಮನೆಯ ಕೆಲಸ ಅವಳ ಹತ್ತು ವರ್ಷದ ಮಗಳಿಗೆ. ಕರ್ನಾಟಕ 2004ರಲ್ಲೇ ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿತು, ಆ ವಿಷಯದಲ್ಲಿ ನಾವು ಮುಂದೆ. ಆದರೆ ಎಷ್ಟು ಮನೆಗಳಲ್ಲಿ ಆ ದರದ ಬಗ್ಗೆ ಕೇಳಿದ್ದಾರೆ? 2011ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಕೆಲಸದವರಿಗಾಗಿ ಮಾಡಿದ ಒಪ್ಪಂದವನ್ನು ಭಾರತ ಇನ್ನೂ ಅಂಗೀಕರಿಸಿಲ್ಲ. ಅವರ ಕಾಯುವಿಕೆಯೂ ಬೇರೆ ಥರದ್ದು. ಗೇಟಿನಲ್ಲಿ ಸೆಕ್ಯೂರಿಟಿಯವನು ಒಳಗೆ ಬಿಡೋವರೆಗೆ, 'ಸರ್ವೀಸ್ ಲಿಫ್ಟ್' ಬರೋವರೆಗೆ, ಯಜಮಾನ್ತಿ ಫೋನ್ ಮುಗಿಸಿ ಬಾಗಿಲು ತೆಗೆಯೋವರೆಗೆ. ಆ ಯಾವ ನಿಮಿಷವೂ ಸಂಬಳಕ್ಕೆ ಸೇರುವುದಿಲ್ಲ.

ವೈಲ್ಡಿಂಗ್ ಈ ಟೀಕೆಯನ್ನು ಕಿವಿಗೆ ಹಾಕಿಕೊಂಡರು ಅಂತ ಅವರ ಮುಂದಿನ ಕೆಲಸ ಹೇಳುತ್ತದೆ. 1998ರಲ್ಲಿ ಅವರು ಬೇರೆ ಕೆಲವರ ಜೊತೆ ಸೇರಿ ಸಬ್‌ರೋಸಾ ಎಂಬ ಗುಂಪು ಕಟ್ಟಿದರು. ಕಲೆ, ಪಾಠ, ಚಳವಳಿ ಮೂರೂ ಬೆರೆತ ಗುಂಪು. ಆಗ ಎಲ್ಲರೂ ಇಂಟರ್ನೆಟ್ ಬಂತು, ಇನ್ನು ಮೈಯ ಗೊಡವೆ ಇಲ್ಲ, ಗಂಡು ಹೆಣ್ಣಿನ ಭೇದ ಇಲ್ಲ ಅನ್ನುತ್ತಿದ್ದ ಕಾಲ. ಇವರು ಕೇಳಿದ್ದು, ಆ ಕಂಪ್ಯೂಟರಿನ ಒಳಗಿನ ಬಿಡಿಭಾಗ ಜೋಡಿಸಿದ ಬೆರಳು ಯಾರವು ಅಂತ.

2004ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್ ಊರಿನ ಮ್ಯಾಸ್ ಮೋಕಾ ಮ್ಯೂಸಿಯಂನಲ್ಲಿ ಸಬ್‌ರೋಸಾ ಒಂದು ಪ್ರದರ್ಶನ ಇಟ್ಟಿತು. ಆ ಮ್ಯೂಸಿಯಂ ಇರುವುದೇ ಒಂದು ಮುಚ್ಚಿದ ಕಾರ್ಖಾನೆಯಲ್ಲಿ. ಮೊದಲು ಬಟ್ಟೆಗೆ ಅಚ್ಚು ಹಾಕುತ್ತಿದ್ದರು, ಆಮೇಲೆ ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುತ್ತಿದ್ದರು, 1985ರಲ್ಲಿ ಬಾಗಿಲು ಹಾಕಿತು. ಆ ಊರನ್ನೂ, ಮೆಕ್ಸಿಕೋ ಗಡಿಯ ಸಿಯುದಾದ್ ಹುವಾರೆಸ್ ಊರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಇಲ್ಲಿ ಕೆಲಸ ಹೋದ ಹೆಂಗಸರು, ಅಲ್ಲಿ ಕಮ್ಮಿ ಕೂಲಿಗೆ ಕೆಲಸ ಸಿಕ್ಕ ಹೆಂಗಸರು. ನೋಡೋಕೆ ಬಂದವರು ತಮ್ಮ ಅಂಗಿಯ ಕಾಲರಿನ ಹಿಂದಿನ ಲೇಬಲ್ ಕತ್ತರಿಸಿ, ಪ್ರಪಂಚದ ನಕ್ಷೆಯಲ್ಲಿ ಅದು ತಯಾರಾದ ದೇಶದ ಮೇಲೆ ಚುಚ್ಚಬೇಕು. ಅಷ್ಟೇ ಆಟ.

ಅಂಥ ಒಂದು ಲೇಬಲ್ ಬೆಂಗಳೂರಿನ ಬೊಮ್ಮನಹಳ್ಳಿಯಿಂದಲೋ ಪೀಣ್ಯದಿಂದಲೋ ಹೋಗಿರಬಹುದು. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಗಟ್ಟಲೆ ಜನ, ಅದರಲ್ಲಿ ಬಹುಪಾಲು ಹೆಂಗಸರು. ಬೆಳಗ್ಗೆ ಐದಕ್ಕೆ ಎದ್ದು ಮನೆಯ ಕೆಲಸ ಮುಗಿಸಿ, ಟೆಂಪೋದಲ್ಲಿ ನಿಂತುಕೊಂಡು ಹೋಗಿ, ಗಂಟೆಗೆ ಇಷ್ಟು ಪೀಸ್ ಅನ್ನುವ ಟಾರ್ಗೆಟ್ ಮುಗಿಸುವವರು. ಅಲ್ಲಿ ಕಾಯೋಕೆ ಬಿಡುವುದಿಲ್ಲ, ಮಷೀನ್ ಕೆಟ್ಟರೂ ಸೂಪರ್‌ವೈಸರ್ ಕೂಗುತ್ತಾನೆ. ಅವರಿಗೆ ಬೇರೆ ಥರ ಕಾಯಿ ಅಂತ ಹೇಳಿದ್ದು 2016ರಲ್ಲಿ. ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ತಗೋಬಹುದು, ಮಾಲೀಕರು ಹಾಕಿದ ಪಾಲಿಗೆ 58 ವರ್ಷ ಆಗೋವರೆಗೆ ಕಾಯಬೇಕು. ಮೂವತ್ತೈದು ನಲವತ್ತಕ್ಕೇ ಮೈ ಸೋತು ಕೆಲಸ ಬಿಡುವ ಹೆಂಗಸಿಗೆ ಆ ದುಡ್ಡೇ ಮಗಳ ಮದುವೆ, ಊರಿನ ಸಾಲ, ಮನೆಯ ಲೀಸು.

ಏಪ್ರಿಲ್ 18ರ ಬೆಳಗ್ಗೆ ಅವರು ಹೊಸೂರು ರಸ್ತೆಗೆ ಬಂದು ಕೂತರು. ಕರೆದ ಮುಖಂಡರು ಇಲ್ಲ, ಬ್ಯಾನರ್ ಇಲ್ಲ. ಮರುದಿನ ತುಮಕೂರು ರಸ್ತೆಯೂ ಬಂದ್ ಆಯಿತು. ಲಾಠಿ, ಅಶ್ರುವಾಯು, ಸುಟ್ಟ ಬಸ್ಸುಗಳು ಎಲ್ಲವೂ ಆದವು. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಎರಡು ದಿನದಲ್ಲಿ ಇಡೀ ದೇಶದ ಕೋಟ್ಯಂತರ ಕಾರ್ಮಿಕರ ಪಿ.ಎಫ್. ಉಳಿಸಿದವರು ಅವರು. ಸುದ್ದಿಯಲ್ಲಿ ಜಾಸ್ತಿ ಬಂದದ್ದು ಟ್ರಾಫಿಕ್ ಜಾಮ್.

ವೈಲ್ಡಿಂಗ್ ಈಗ ಎಂಬತ್ತು ದಾಟಿದವರು. ಶಿಕಾಗೊ ನಗರದ ಕಲಾಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದರು. ಹಳೇ ಕುರ್ಚಿಯ ಅಭಿನಯವನ್ನೂ ಅವರು ಮುಂದೆ ತಿರುಗಿಸಿ ನೋಡಿದರು. 'ವೇಟ್-ವಿತ್' ಅಂತ ಅದರ ಹೆಸರು. ಒಬ್ಬಳೇ ಕಾಯೋದರ ಬದಲು ಬಂದವರನ್ನೂ ಕೂರಿಸಿಕೊಂಡು ಜೊತೆಗೆ ಕಾಯೋದು. ಹೊಸೂರು ರಸ್ತೆಯಲ್ಲಿ ಕೂತಿದ್ದವರಿಗೆ ಇದನ್ನು ಬಿಡಿಸಿ ಹೇಳೋ ಅಗತ್ಯ ಬೀಳಲಿಕ್ಕಿಲ್ಲ.

ಹೋದ ವಾರ ಅಮ್ಮನಿಗೆ 'ವೇಟಿಂಗ್' ವಿಡಿಯೋ ತೋರಿಸಿದೆ. ಅವಳು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ಕೂತಿದ್ದಳು. ಫೋನನ್ನು ಚೊಂಬಿಗೆ ಒರಗಿಸಿಟ್ಟು, ಒಂದೊಂದು ಸಾಲನ್ನೂ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮದುವೆಯ ಭಾಗ ಬಂದಾಗ ನಕ್ಕಳು. ಮಕ್ಕಳು ಬಂದು ಹೋಗಲಿ ಅಂತ ಕಾಯುವ ಭಾಗಕ್ಕೆ ಏನೂ ಹೇಳಲಿಲ್ಲ, ಕಾಯಿ ಬಿಡಿಸೋದು ಸ್ವಲ್ಪ ನಿಧಾನ ಆಯಿತು ಅಷ್ಟೇ.

"ಹೇಗಿದೆ?" ಅಂದೆ.

"ಪಾಪ. ಆದ್ರೆ ನೀರು, ಗ್ಯಾಸು ಯಾವುದೂ ಇಲ್ವಲ್ಲೋ ಇದ್ರಲ್ಲಿ" ಅಂದಳು. "ಪಟ್ಟಿ ಅರ್ಧಕ್ಕೇ ನಿಲ್ಲಿಸಿದ್ದಾಳೆ."

ಮುಂದೆ ಏನೋ ಹೇಳೋಕೆ ಬಾಯಿ ತೆಗೆದವಳು ಮೊರ ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದಳು. ನನಗೆ ಏನೂ ಕೇಳಿಸಿರಲಿಲ್ಲ. ಹಿಂದೆಯೇ ಹೋಗಿ ನೋಡಿದರೆ ಅವಳು ಸ್ಟವ್ ಆರಿಸುತ್ತಿದ್ದಳು. ಹಾಲು ಪಾತ್ರೆಯ ಅಂಚಿನವರೆಗೆ ಬಂದು, ಉಕ್ಕದೆ, ಕೆಳಗೆ ಇಳಿಯುತ್ತಿತ್ತು.